ಎಂದಿನಿಂದ ವಾಸ

ಉಳಿತಾಯ ಖಾತೆಗೆ ಅಂಟಿಕೊಂಡೇ ಬರುವ ವಿಮೆ.
ವರ್ಷಕ್ಕೊಮ್ಮೆ ಹಣ ತಾನಾಗಿ ಕಳೆಯುತ್ತದೆ,
ಹಾಲುಹಲ್ಲು ಬಿದ್ದ ಹಾಗೆ, ನೋವಿಲ್ಲದೆ.
ಇಷ್ಟು ದಿನ ನನ್ನೊಬ್ಬನ ಹೆಸರಿಗಿತ್ತು.
ಈ ಸಲ ಹಾಲಮ್ಮನನ್ನೂ ಸೇರಿಸೋಣ ಎಂದು
ಅಂಗಡಿ ಬಾಗಿಲು ಅರ್ಧಕ್ಕೆ ಎಳೆದು
ಹನುಮಂತನಗರದ ಬ್ಯಾಂಕಿಗೆ ಹೋದೆ.

ಐದನೇ ಕೌಂಟರಿನ ಹುಡುಗಿ ಒಳ್ಳೆಯವಳು.
ರಿಜಿಸ್ಟ್ರಾರು ಕೊಟ್ಟ ಕಾಗದ ಹಿಂದೆ ಮುಂದೆ ತಿರುವಿ
"ನಂಟು ಸಾಬೀತಾಗಿದೆ ಅಂಕಲ್" ಎಂದಳು,
"ವಾಸ ಸಾಬೀತಾಗಿಲ್ಲ.
ಆಂಟಿ ಆಧಾರು ಇನ್ನೂ ದಾವಣಗೆರೇಲೇ ಇದೆ.
ಇಲ್ಲಿರೋದಕ್ಕೆ ಅವರ ಹೆಸರಲ್ಲಿ
ಏನಾದರೂ ಒಂದು ಬಿಲ್ಲು?"

ಬಿಲ್ಲು.
ಕರೆಂಟಿನದು ಬರುವುದು ಪಿಳ್ಳಪ್ಪನವರ ಹೆಸರಲ್ಲಿ.
ಪಿಳ್ಳಪ್ಪನವರು ತೀರಿಕೊಂಡು ಹದಿನಾಲ್ಕು ವರ್ಷ;
ಅವರ ಫೋಟೋಕ್ಕೆ ಕಟ್ಟು ಹಾಕಿದವನು ನಾನೇ,
ತೇಗದ ಪಟ್ಟಿ, ಎರಡು ಬೆರಳಗಲ.
ಆದರೂ ತಿಂಗಳು ತಿಂಗಳೂ ಮೀಟರಿನವನು ಬಂದು
ಅವರು ಇಲ್ಲೇ ಇದ್ದಾರೆಂದು ಮುದ್ರಿಸಿ ಕೊಡುತ್ತಾನೆ,
ಮೇಲಿನ ಮಹಡಿಯಲ್ಲಿ, ಇಷ್ಟು ಯೂನಿಟ್ಟು ಉರಿಸಿಕೊಂಡು.
ನೀರಿನದು ಅವರ ಮಗನದು. ಗ್ಯಾಸು ನನ್ನದು.
ಕರಾರುಪತ್ರದಲ್ಲಿ ನಾನು ಒಂಟಿ ಮನುಷ್ಯ,
ಬರೆಸುವಾಗ ಹಾಗೇ ಇದ್ದೆ.

ಹಾಲಮ್ಮನ ಹೆಸರಿಗೆ ಏನಿದೆ?
ನರ್ಸಿಂಗ್ ಹೋಮಿನ ಫಿನಾಯಿಲು ವಾಸನೆ ಹೊತ್ತು
ರಾತ್ರಿಪಾಳಿ ಮುಗಿಸಿ ಏಳೂಕಾಲಿಗೆ ಮೆಟ್ಟಿಲು ಹತ್ತುವುದು,
ಹನ್ನೊಂದನೆಯದರಲ್ಲಿ ನಿಂತು ಉಸಿರು ತಗೊಳ್ಳುವುದು.
ಕಾವೇರಿ ನೀರು ಬರುವ ಮುಂಚೆ ನಲ್ಲಿ ಕೆಮ್ಮುತ್ತದಲ್ಲ,
ಆ ಕೆಮ್ಮು ನಿದ್ದೆಯಲ್ಲೂ ಅವಳಿಗೇ ಮೊದಲು ಕೇಳುವುದು.
ಕ್ಯಾಲೆಂಡರಿನಲ್ಲಿ, ಸಿಲಿಂಡರು ಹಚ್ಚಿದ ದಿನದ ಮೇಲೆ
ಅವಳ ಕೈಬರಹ: 'ಹೊಸಾದು'.
ಎದುರುಮನೆ ನಾಯಿ ನನ್ನನ್ನು ಕಂಡರೆ ಇವತ್ತಿಗೂ ಬೊಗಳುತ್ತದೆ,
ಅವಳಿಗೆ ಬಾಲ.

ಯಾವುದಕ್ಕೂ ಸೀಲಿಲ್ಲ.

ಪಿಳ್ಳಪ್ಪನವರ ಮಗ ಒಪ್ಪಿದ, ಹೊಸ ಕರಾರಿಗೆ,
ಇಬ್ಬರ ಹೆಸರಿಗೂ, ಬಾಡಿಗೆ ಐನೂರು ಏರಿಸಿ.
ಮೀನ ಮೇಷ ಎಣಿಸದೆ ರುಜು ಹಾಕಿದೆ.
ಮರುವಾರ ಜೋಡಿಯಾಗಿ ಹೋದೆವು,
ಅವಳು ನಿದ್ದೆಗೆಟ್ಟ ಕಣ್ಣಲ್ಲೇ.

ಫಾರಮ್ಮಿನ ಒಂಬತ್ತನೇ ಸಾಲು:
ಸದರಿ ವಿಳಾಸದಲ್ಲಿ ಎಂದಿನಿಂದ ವಾಸ?

ಗಾಜು ಕೊಯ್ಯುವಾಗ ನೂಲಿನಷ್ಟೂ ತಪ್ಪದ ಕೈ
ಅಲ್ಲಿ ನಿಂತುಬಿಟ್ಟಿತು.
ಟ್ರಂಕು ತಂದಿಟ್ಟ ದಿನದಿಂದಲೇ?
ಎರಡನೇ ಬೀಗದಕೈ ಮಾಡಿಸಿದ ದಿನದಿಂದಲೇ?
ನನ್ನ ಉಪ್ಪಿನ ಡಬ್ಬ ಜಾಗ ಬದಲಿಸಿ
ನಾನು ಒಂದು ವಾರ ಹುಡುಕಾಡಿದೆನಲ್ಲ, ಅಂದಿನಿಂದಲೇ?
ಯಾಕೆ ಗೋಜಲು ಎಂದು
ರಿಜಿಸ್ಟ್ರಾರರ ತಾರೀಖನ್ನೇ ಬರೆದೆ.

ಅವಳು ಕನ್ನಡಕ ಏರಿಸಿ ಓದಿದಳು.
"ಇದಲ್ಲ."
ಪೆನ್ನು ಕಿತ್ತುಕೊಂಡು, ಅಡ್ಡ ಗೆರೆ ಎಳೆದು,
ಒಂದೂವರೆ ವರ್ಷ ಹಿಂದಿನ ಒಂದು ಮಂಗಳವಾರ ಬರೆದಳು.

ಆ ಮಂಗಳವಾರ ನನಗೆ ಡೆಂಗೆ.
ಅಣ್ಣನ ಫೋಟೋ ಕಟ್ಟು ಆಯಿತೇ ಎಂದು ಕೇಳಲು ಬಂದವಳು
ಅಂಗಡಿ ಮುಚ್ಚಿದ್ದು ಕಂಡು, ಪಕ್ಕದ ಇಸ್ತ್ರಿಯವನನ್ನು ಕೇಳಿ
ಮೆಟ್ಟಿಲು ಹತ್ತಿ ಬಂದಿದ್ದಳು.
ಗಂಜಿ ಕಾಯಿಸಿಟ್ಟು, ಬಾಗಿಲು ಮುಂದೆ ಮಾಡಿಕೊಂಡು
ಹೊರಟುಹೋದಳು ಅಂತಲೇ ನಾನು ಇಲ್ಲಿಯವರೆಗೆ ತಿಳಿದಿದ್ದೆ.

"ಮಲಗಾಕೆ ಹಾಸ್ಟೆಲಿಗೆ ಹೋಗ್ತಿದ್ದೆ," ಎಂದಳು,
ನನ್ನ ಕಡೆ ನೋಡದೆ, ಕೌಂಟರಿಗೆ ಹೇಳುವಂತೆ,
"ವಾಸ ಅವತ್ತಿನಿಂದ ಇಲ್ಲೇ ಇತ್ತು."

ಕೌಂಟರಿನ ಹುಡುಗಿ ತುಟಿ ಕಚ್ಚಿ ನಗು ತಡೆದಳು.
"ಹೊಡೆದು ತಿದ್ದಿದ್ದು ನಡೆಯಲ್ಲ ಆಂಟಿ.
ಹೊಸ ಫಾರಂ ತುಂಬಿ."

ಬ್ಯಾಂಕಿನ ಪೆನ್ನಿಗೆ ದಾರ ಕಟ್ಟಿರುತ್ತಾರೆ, ಗಿಡ್ಡ ದಾರ.
ಅವಳು ಬರೆಯಬೇಕಾದರೆ ನಾನು ಸರಿಯಬೇಕು,
ನಾನು ಓದಬೇಕಾದರೆ ಅವಳ ಹೆಗಲ ಮೇಲೆ ಬಾಗಬೇಕು.
ಸರಿದೆ. ಬಾಗಿದೆ.
"ನಿಧಾನಕ್ಕೆ ಬರಿ" ಎಂದೆ,
"ಇನ್ನೂ ಎಂಬತ್ತೆರಡು ಕೂಗಿಲ್ಲ."